ಬಾಟಾ ಬೇರೆ, ಕೈಗೆ ಕೊಡೋದು ಬೇರೆ

ವರ್ಷಕ್ಕೊಂದು ಸಲ ಧರ್ಮಸ್ಥಳ, ಹೊರನಾಡು, ಶೃಂಗೇರಿಗೆ ಹೋಗಿಬರೋದು ನಮ್ಮ ಅಮ್ಮನ ಹರಕೆ. ಬೆಂಗಳೂರಿನಿಂದ ಒಂದು ಇನ್ನೋವಾ ಬಾಡಿಗೆಗೆ ಮಾಡಿಕೊಂಡು ಆರು ಜನ ಹೊರಡುತ್ತೇವೆ. ಗಾಡಿ ಮಾತಾಡೋದು, ಬಿಲ್ ಕೊಡೋದು, ಡ್ರೈವರ್ ಜೊತೆಗಿನ ವ್ಯವಹಾರ ಎಲ್ಲ ನನ್ನ ಪಾಲಿಗೆ ಬಂದು ಹತ್ತು ವರ್ಷ ದಾಟಿತು.

ಮೊದಲ ವರ್ಷ ನಾನು ನಡೆದುಕೊಂಡ ರೀತಿ ಇವತ್ತಿಗೂ ಚುಚ್ಚುತ್ತದೆ. ಮೂರು ದಿನದ ಪ್ರಯಾಣ. ಟ್ರಾವೆಲ್ಸ್‌ನವರ ಲೆಕ್ಕದಲ್ಲಿ ಒಂದು ದಿನ ಅಂದರೆ ರಾತ್ರಿ 12ರಿಂದ ರಾತ್ರಿ 12. ಹನ್ನೆರಡು ದಾಟಿದರೆ ಇನ್ನೊಂದು ದಿನದ ಬಾಡಿಗೆ, ಅದಕ್ಕೆ ಕಡಿಮೆ ಅಂದರೂ 300 ಕಿಲೋಮೀಟರ್ ದುಡ್ಡು, ಇನ್ನೊಂದು ಬಾಟಾ, ಅಂದರೆ ಡ್ರೈವರ್ ಹೆಸರಲ್ಲಿ ದಿನಕ್ಕಿಷ್ಟು ಅಂತ ಬಿಲ್‌ಗೆ ಸೇರಿಸುವ ದುಡ್ಡು. ಅದಕ್ಕೆ ಹಾಸನ ದಾಟಿದಾಗಿನಿಂದ ನಾನು ಗಡಿಯಾರ ನೋಡುತ್ತಲೇ ಇದ್ದೆ. 'ಅಣ್ಣ, 12ರ ಒಳಗೆ ತಲುಪಿಸ್ತೀರಾ ಅಲ್ವಾ?' ಅಂತ ಎರಡು ಸಲ ಕೇಳಿದೆ. ಅವರು ನೆಲಮಂಗಲದ ಹತ್ತಿರ ಟೀಗೂ ನಿಲ್ಲಿಸಲಿಲ್ಲ. ಹನ್ನೊಂದೂವರೆಗೆ ಮನೆ ಮುಂದೆ ಇಳಿಸಿ, ಅಪ್ಪನ ಮಂಡಿನೋವು ನೋಡಿ ಬ್ಯಾಗುಗಳನ್ನು ಎರಡನೇ ಮಹಡಿಗೆ ತಾವೇ ತಂದಿಟ್ಟರು. ನಾನು ಬಿಲ್ ಮೊತ್ತ ಕೊಟ್ಟೆ. ಉಳಿದ 30 ರೂಪಾಯಿ ವಾಪಸ್ ಕೊಡೋಕೆ ಬಂದರು. 'ಇಟ್ಕೊಳ್ಳಿ ಅಣ್ಣ' ಅಂದೆ. ಬಿಲ್‌ನಲ್ಲಿ ಬಾಟಾ ಸೇರಿಸಿದ್ದಾರಲ್ಲ, ಅದೇ ಟಿಪ್ಸು ಅಂತ ನನ್ನ ತಿಳುವಳಿಕೆ.

ಅದು ತಪ್ಪು ಅಂತ ಗೊತ್ತಾಗಿದ್ದು ಮುಂದಿನ ವರ್ಷ, ಕೊಟ್ಟಿಗೆಹಾರದಲ್ಲಿ. ಧರ್ಮಸ್ಥಳದಿಂದ ಬೆಳಿಗ್ಗೆ ಹೊರಟು ಚಾರ್ಮಾಡಿ ಘಾಟಿ ಹತ್ತುವಾಗ ಮಂಜು ಕವಿದಿತ್ತು, ಹತ್ತಡಿ ಮುಂದಿನದು ಕಾಣುತ್ತಿರಲಿಲ್ಲ. ಮೇಲೆ ಬಂದು ನೀರ್ ದೋಸೆಗೆ ನಿಲ್ಲಿಸಿದೆವು. ಡ್ರೈವರ್ ಕಣ್ಣು ಕೆಂಪಗಾಗಿತ್ತು. ರಾತ್ರಿ ನಿದ್ದೆ ಆಯ್ತಾ ಅಂತ ಕೇಳಿದೆ.

'ಎಲ್ಲಿ ಅಕ್ಕ? ಗ್ಲಾಸ್ ಏರಿಸಿದ್ರೆ ಸೆಕೆ, ಇಳಿಸಿದ್ರೆ ಸೊಳ್ಳೆ. ಸೀಟ್ ಹಿಂದಕ್ಕೆ ಹಾಕ್ಕೊಂಡು ಹಾಗೇ ಬಿದ್ಕೊಂಡಿದ್ದೆ.'

'ರೂಮ್ ತಗೋಬಾರದಿತ್ತಾ? ಬಾಟಾ ಇದೆಯಲ್ಲ?'

'ಬಾಟಾ ಅಂದ್ರೆ ಊಟ-ತಿಂಡಿ ದುಡ್ಡು ಅಕ್ಕ. ರೂಮ್ ತಗೊಂಡ್ರೆ ಅಲ್ಲಿಗೇ ಮುಗೀತು. ಮನೆಗೆ ಏನು ತಗೊಂಡು ಹೋಗ್ಲಿ?'

ಬೇಸರದಿಂದ ಹೇಳಿದ ಮಾತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗಾಡಿ ಅವರದ್ದಲ್ಲ, ಓನರ್ ಬೇರೆ. ಸಂಬಳ ಕಡಿಮೆ, ಬಾಟಾದಲ್ಲಿ ಉಳಿಸಿದ್ದೇ ಮೇಲಿನ ಆದಾಯ. ನಮ್ಮ ಆರು ಜನರ ಜೀವ ಹಿಡಿದುಕೊಂಡು ಘಾಟಿ ಹತ್ತಿಸಿದ ಮನುಷ್ಯ ನಿದ್ದೆಗೆಟ್ಟು ದುಡ್ಡು ಉಳಿಸಬೇಕಾದ ಸ್ಥಿತಿ. ಆ ದೋಸೆ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಆವತ್ತಿನಿಂದ ನಾನು ಕ್ರಮ ಬದಲಾಯಿಸಿದೆ. ಮೊದಲನೆಯದು ಮಲಗೋ ಜಾಗ. ರೂಮ್ ಬುಕ್ ಮಾಡುವಾಗಲೇ ಡ್ರೈವರ್‌ಗೆ ಜಾಗ ಇದೆಯಾ ಅಂತ ಕೇಳುತ್ತೇನೆ. ಕೆಲವು ಲಾಡ್ಜ್‌ಗಳಲ್ಲಿ ಡ್ರೈವರ್‌ಗಳಿಗೆ ಅಂತಲೇ ಹಾಲ್ ಇರುತ್ತದೆ, ಚಾಪೆ-ದಿಂಬು ಕೊಡುತ್ತಾರೆ. ಇಲ್ಲದಿದ್ದರೆ ಒಂದು ಸಣ್ಣ ರೂಮಿನ ದುಡ್ಡು ನಾವೇ ಕೊಡುತ್ತೇವೆ. ಮನೆಯವರಲ್ಲಿ ಕೆಲವರು ಇದು ಜಾಸ್ತಿ ಆಯ್ತು ಅಂದರು. ಅಮ್ಮ ಒಂದೇ ಮಾತು ಹೇಳಿದರು: 'ಅವನು ತೂಕಡಿಸಿದ್ರೆ ಹರಕೆ ತೀರಿಸೋಕೆ ಯಾರಿರ್ತಾರೆ?' ಅಲ್ಲಿಗೆ ಮುಗಿಯಿತು. ಕೊನೆ ದಿನ ರಾತ್ರಿ ಹನ್ನೆರಡು ದಾಟುವ ಹಾಗಿದ್ದರೆ ಮೊದಲೇ ನಾಲ್ಕು ದಿನ ಅಂತ ಮಾತಾಡಿಬಿಡುತ್ತೇನೆ. ಗಡಿಯಾರ ತೋರಿಸಿ ಓಡಿಸೋದು ಬಿಟ್ಟೆ.

ಊಟದ ವಿಷಯದಲ್ಲಿ ಬಲವಂತ ಮಾಡಬಾರದು ಅಂತ ನಿಧಾನಕ್ಕೆ ಕಲಿತೆ. ಬನ್ನಿ ಅಣ್ಣ, ಒಟ್ಟಿಗೆ ಕೂತ್ಕೊಳ್ಳೋಣ ಅಂತ ಕರೆಯುತ್ತೇನೆ. ಕೆಲವರು ಬರುತ್ತಾರೆ. ಕೆಲವರು ಬರೋದಿಲ್ಲ, ಅದು ಸಂಕೋಚವೇ ಆಗಬೇಕಿಲ್ಲ. ಹೈವೇ ಹೋಟೆಲ್‌ಗಳಲ್ಲಿ ಗಿರಾಕಿ ಕರೆತಂದ ಡ್ರೈವರ್‌ಗೆ ಎಷ್ಟೋ ಕಡೆ ಊಟ ಫ್ರೀ. ಪರಿಚಯದ ಡ್ರೈವರ್‌ಗಳು ಅಲ್ಲೇ ಸಿಗುತ್ತಾರೆ. ಆ ಅರ್ಧ ಗಂಟೆ ಅವರದ್ದು. ಧರ್ಮಸ್ಥಳ, ಹೊರನಾಡಿನಲ್ಲಂತೂ ಬಂದವರಿಗೆಲ್ಲ ದೇವಸ್ಥಾನದಲ್ಲೇ ಊಟ, ಅಲ್ಲಿ ಪ್ರಶ್ನೆಯೇ ಇಲ್ಲ.

ಇನ್ನು ದುಡ್ಡು. ನಮ್ಮ ಹೋದ ವರ್ಷದ ಪ್ರಯಾಣದಲ್ಲಿ ಬಾಟಾ ದಿನಕ್ಕೆ 500 ಇತ್ತು. ಮೂರು ದಿನಕ್ಕೆ ನಾನು ಕೈಗೆ ಕೊಟ್ಟಿದ್ದು 1,000. ಎರಡು ದಿನದ ಬಾಟಾದಷ್ಟು ಅಂತ ನನ್ನದೊಂದು ಅಂದಾಜು. ಒಂದೇ ದಿನದ ಮೈಸೂರು ಪ್ರಯಾಣ ಆದರೆ 200, 300. ಗಾಡಿ ಅವರದ್ದೇ ಆಗಿದ್ದರೂ ಕೊಡುತ್ತೇನೆ. ಬಾಡಿಗೆಯೆಲ್ಲ ಅವರಿಗೇ ಬರುತ್ತಲ್ಲ ಅನ್ನುವವರಿದ್ದಾರೆ. ಅದರಲ್ಲಿ ಸಾಲದ ಕಂತು, ಇನ್ಶೂರೆನ್ಸ್, ಟೈರ್ ಖರ್ಚು ಕಳೆದು ನೋಡಿ.

ಕೊಡುವ ರೀತಿಯಲ್ಲಿ ನಾನು ಕಟ್ಟುನಿಟ್ಟು. ಬಿಲ್ ದುಡ್ಡಿನ ಜೊತೆ ಸೇರಿಸೋದಿಲ್ಲ. ಗಾಡಿಯಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್‌ಗೆ ಹಾಕೋದೂ ಇಲ್ಲ, ಅದು ಓನರ್ ಖಾತೆಯದ್ದಾಗಿರಬಹುದು. ಮನೆಯಿಂದ ಹೊರಡುವಾಗಲೇ ಒಂದು ಕವರ್‌ನಲ್ಲಿ ನೋಟು ಹಾಕಿಟ್ಟುಕೊಳ್ಳುತ್ತೇನೆ. ಊರಿಗೆ ಬಂದು ಟ್ರಿಪ್ ಶೀಟ್‌ಗೆ ಸೈನ್ ಮಾಡಿ, ಬಿಲ್ ಚುಕ್ತಾ ಆದ ಮೇಲೆ, 'ಅಣ್ಣ, ಇದು ನಿಮಗೆ' ಅಂತ ಕೈಗೆ ಕೊಡುತ್ತೇನೆ. ಜೊತೆಗೆ ಧರ್ಮಸ್ಥಳದಲ್ಲಿ ನಮ್ಮದರ ಜೊತೆ ತಂದ ಪ್ರಸಾದದ ಒಂದು ಪೊಟ್ಟಣ. ಅದು ಅಮ್ಮನ ಪದ್ಧತಿ. ದುಡ್ಡನ್ನು ಜೇಬಿಗೆ ಹಾಕಿಕೊಂಡರೂ ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡು ಡ್ಯಾಶ್‌ಬೋರ್ಡ್ ಮೇಲೆ ಇಡುವವರೇ ಜಾಸ್ತಿ.

ಡ್ರೈವಿಂಗ್ ಸರಿ ಇಲ್ಲದಿದ್ದರೆ? ಒಂದು ಸಲ ಶಿರಾಡಿ ಘಾಟಿಯಲ್ಲಿ ಒಬ್ಬರು ಫೋನ್ ಹಿಡಿದುಕೊಂಡೇ ಓಡಿಸುತ್ತಿದ್ದರು. ಕೊನೆಗೆ ದುಡ್ಡು ಕಡಿಮೆ ಮಾಡಿ ಪಾಠ ಕಲಿಸು ಅಂತ ತಮ್ಮ ಪಿಸುಗುಟ್ಟಿದ. ನನಗೆ ಅದು ಒಪ್ಪಿಗೆ ಆಗಲಿಲ್ಲ. ಯಾಕೆ ಕಡಿಮೆ ಆಯ್ತು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಗಾಡಿ ನಿಲ್ಲಿಸಿದಾಗ ಪಕ್ಕಕ್ಕೆ ಕರೆದು, 'ಅಣ್ಣ, ಅಪ್ಪ-ಅಮ್ಮನಿಗೆ ಭಯ ಆಗ್ತಿದೆ, ಫೋನ್ ಬಂದ್ರೆ ನಿಲ್ಲಿಸಿಯೇ ಮಾತಾಡಿ' ಅಂದೆ. ಆಮೇಲೆ ಅವರು ಹಾಗೇ ಮಾಡಿದರು. ಕವರ್‌ನಲ್ಲಿದ್ದಷ್ಟನ್ನೂ ಕೊಟ್ಟೆ.

ಸಿಟಿಯೊಳಗಿನ ಆ್ಯಪ್ ಟ್ಯಾಕ್ಸಿ ಬೇರೆ ವಿಷಯ. ಅಲ್ಲಿ ಹತ್ತುವ ಮೊದಲೇ ಟಿಪ್ಸ್ ಸೇರಿಸಿ, ಬೇಗ ಗಾಡಿ ಸಿಗುತ್ತೆ ಅನ್ನೋದು ಶುರುವಾಯಿತು. 2025ರ ಮೇ ತಿಂಗಳಲ್ಲಿ ಇದೇ ಕಾರಣಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಊಬರ್‌ಗೆ ನೋಟಿಸ್ ಕೊಟ್ಟಿತು. ಟಿಪ್ಸ್ ಅನ್ನೋದು ಸೇವೆ ಮುಗಿದ ಮೇಲೆ ಮೆಚ್ಚಿ ಕೊಡೋದು ಅಂತ ಸಚಿವ ಪ್ರಹ್ಲಾದ ಜೋಶಿ ಆಗ ಹೇಳಿದ್ದರು. ನನ್ನ ಅಭಿಪ್ರಾಯವೂ ಅದೇ. ಮೊದಲೇ ಕೇಳಿ ತಗೊಂಡರೆ ಅದು ಬಾಡಿಗೆ ಏರಿಸಿದ ಹಾಗೆ. ಮಳೆಯಲ್ಲಿ ಬಂದವರಿಗೆ, ಸಾಮಾನು ಎತ್ತಿಕೊಟ್ಟವರಿಗೆ, ಅಪ್ಪ ಇಳಿಯುವವರೆಗೆ ಸಮಾಧಾನವಾಗಿ ಕಾದವರಿಗೆ ಇಳಿಯುವಾಗ 20, 50 ಕೊಡುತ್ತೇನೆ.

ಈ ವರ್ಷ ದಸರಾ ರಜೆಗೆ ಹೊರನಾಡಿಗೆ ಹೊರಟಿದ್ದೇವೆ. ನಿನ್ನೆ ಲಾಡ್ಜ್‌ಗೆ ಫೋನ್ ಮಾಡಿದೆ. ಎಷ್ಟು ಜನ ಅಂತ ಕೇಳಿದರು. ಏಳು ಅಂದೆ.