ಎಳೆದು ಮಗುಚಿದ ಪುಟ್ಟ ಕಿವಿಗಳು

ದಕ್ಷಿಣ ಇಟಲಿಯ ಬಾರಿ ನಗರದ ಹಳೆಯ ಪೇಟೆಯಲ್ಲಿ, ಕೋಟೆಯ ಹತ್ತಿರ, ಆರ್ಕೊ ಬಾಸ್ಸೊ ಎಂಬ ಓಣಿಯಿದೆ. ಅಲ್ಲಿಯ ಹೆಂಗಸರು ಮನೆಯ ಬಾಗಿಲಿಗೇ ಮೇಜು ಹಾಕಿಕೊಂಡು ಒರೆಕ್ಯೆತ್ತೆ ಮಾಡುತ್ತಾರೆ. ಪಕ್ಕದಲ್ಲೇ ಜಾಲರಿಯ ತಟ್ಟೆಗಳಲ್ಲಿ ಅವು ಒಣಗುತ್ತಿರುತ್ತವೆ. ಒರೆಕ್ಯೆತ್ತೆ ಎಂದರೆ ಪುಟ್ಟ ಕಿವಿಗಳು, ಕಿವಿಯ ಆಕಾರದ ಪಾಸ್ತಾ. ಉದ್ಯೋಗಕ್ಕಾಗಿ ಈ ಊರಿಗೆ ಬಂದ ಹೊಸದರಲ್ಲಿ ಆ ಓಣಿಯಲ್ಲಿ ಎಷ್ಟೋ ಹೊತ್ತು ನಿಂತು ನೋಡಿದ್ದೇನೆ. ಅವರ ಮಾತು ಎದುರುಮನೆಯವರೊಡನೆ, ಕಣ್ಣು ಬೀದಿಯ ಮೇಲೆ. ಕೈ ಮಾತ್ರ ತನ್ನ ಪಾಡಿಗೆ ಕಿವಿಗಳನ್ನು ಉದುರಿಸುತ್ತಿರುತ್ತದೆ. ಚಾಕುವಿನಿಂದ ಒಂದು ಎಳೆತ, ಹೆಬ್ಬೆರಳ ಮೇಲೆ ಒಮ್ಮೆ ಮಗುಚುವುದು. ಇಷ್ಟೇ ತಾನೇ ಎಂದು ಮನೆಯಲ್ಲಿ ಶುರು ಮಾಡಿದೆ. ಆ ಎಳೆತ ಕೈಗೆ ಹತ್ತಲು ಒಂದು ಚಳಿಗಾಲ ಪೂರ್ತಿ ಹಿಡಿಯಿತು.

ಮೊದಲ ತಪ್ಪು ಹಿಟ್ಟಿನಲ್ಲೇ ಆಯಿತು. ಮನೆಯಲ್ಲಿ ಕೇಕಿಗೆಂದು ತಂದಿಟ್ಟ ನುಣುಪಾದ ಬಿಳಿ ಹಿಟ್ಟಿತ್ತು, ನಮ್ಮ ಮೈದಾಕ್ಕೆ ಹತ್ತಿರದ್ದು. ಉತ್ತರ ಇಟಲಿಯ ಬೊಲೊನ್ಯದ ಕಡೆ ಅಂಥ ಹಿಟ್ಟಿಗೇ ನೂರು ಗ್ರಾಮಿಗೆ ಒಂದರಂತೆ ಮೊಟ್ಟೆ ಹಾಕಿ ನಾದಿ, ಉದ್ದನೆಯ ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ ತಾಲ್ಯತೆಲ್ಲೆ ಎಂಬ ಪಟ್ಟಿಯಂಥ ಪಾಸ್ತಾ ಕತ್ತರಿಸುತ್ತಾರೆ. ನಾನು ಅದನ್ನು ಬರೀ ನೀರಿನಲ್ಲಿ ಕಲಸಿ ಕಿವಿ ಮಾಡಹೊರಟೆ. ಚಾಕುವಿನ ಕೆಳಗೆ ಅದು ಜಾರಿತು, ಕುದಿಯುವ ನೀರಿನಲ್ಲಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತು. ಇದಕ್ಕೆ ಬೇಕಾದದ್ದು ಸೆಮೊಲಾ ರಿಮಚಿನಾತಾ, ಅಂದರೆ ಗಟ್ಟಿ ಗೋಧಿಯ ರವೆಯನ್ನು ಇನ್ನೊಮ್ಮೆ ಬೀಸಿದ ಹಿಟ್ಟು. ಬಣ್ಣ ತಿಳಿ ಹಳದಿ. ಬೆರಳುಗಳ ನಡುವೆ ಉಜ್ಜಿದರೆ ಸಣ್ಣ ಮರಳಿನಂತೆ ತಾಕುತ್ತದೆ. ಅಂಗಡಿಯ ಒಣ ಪಾಸ್ತಾವನ್ನೂ ಗಟ್ಟಿ ಗೋಧಿಯಿಂದಲೇ ಮಾಡಬೇಕೆಂದು ಇಟಲಿಯಲ್ಲಿ 1967ರಲ್ಲಿ ಕಾನೂನೇ ಬಂದಿದೆ. ಒರೆಕ್ಯೆತ್ತೆಗೆ ಮೊಟ್ಟೆ ಬೇಡ, ಎಣ್ಣೆ ಬೇಡ. ಹಿಟ್ಟು ಮತ್ತು ಉಗುರುಬೆಚ್ಚಗಿನ ನೀರು ಸಾಕು.

ನಾಲ್ಕು ಜನರಿಗೆ 400 ಗ್ರಾಂ ಹಿಟ್ಟು, 200 ಮಿಲಿಲೀಟರ್ ನೀರು ನನ್ನ ಲೆಕ್ಕ. ಆದರೆ ನೀರನ್ನು ಒಮ್ಮೆಗೇ ಸುರಿಯುವುದಿಲ್ಲ. ಕೊನೆಯ ಎರಡು ಚಮಚವನ್ನು ಕೈಯಲ್ಲಿಟ್ಟುಕೊಂಡು, ಕಣಕ ಕೇಳಿದರೆ ಮಾತ್ರ ಕೊಡುತ್ತೇನೆ. ಮೊದಲ ಐದು ನಿಮಿಷ ಅದು ಪುಡಿಪುಡಿಯಾಗಿ, ಕೂಡುವುದೇ ಇಲ್ಲವೇನೋ ಎನ್ನಿಸುತ್ತದೆ. ಆಗ ಹೆದರಿ ನೀರು ಹೆಚ್ಚಿಸಬಾರದು. ಅಂಗೈ ಬುಡದಿಂದ ಒತ್ತಿ ಒತ್ತಿ ಹತ್ತು ಹನ್ನೆರಡು ನಿಮಿಷ ನಾದಿದರೆ ಪೂರಿಯ ಹಿಟ್ಟಿಗಿಂತಲೂ ಗಟ್ಟಿಯಾದ, ಆದರೆ ಬಿರುಕಿಲ್ಲದ ಮುದ್ದೆಯಾಗುತ್ತದೆ. ಬಟ್ಟಲು ಕವುಚಿ ಅರ್ಧ ಗಂಟೆ ಬಿಟ್ಟರೆ ತಾನೇ ಹದಕ್ಕೆ ಬರುತ್ತದೆ.

ಹಿಟ್ಟು ಸರಿಹೋದ ಮೇಲೂ ನನ್ನ ಕಿವಿಗಳು ನುಣ್ಣಗೇ ಬರುತ್ತಿದ್ದವು. ನುಣ್ಣಗಿದ್ದರೆ ಎಣ್ಣೆಯಾಗಲಿ ಸಾರವಾಗಲಿ ಹಿಡಿಯುವುದಿಲ್ಲ, ಎಲ್ಲವೂ ತಟ್ಟೆಯ ತಳಕ್ಕೆ ಇಳಿಯುತ್ತದೆ. ಒಂದು ಭಾನುವಾರ ಮೇಲಿನ ಮಹಡಿಯ ಸಿನ್ಯೋರಾ ಏನೋ ಕೇಳಲು ಬಂದವರು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ನಾನು ಪಡುತ್ತಿದ್ದ ಪಾಡನ್ನು ನೋಡಿದರು. ಎಪ್ಪತ್ತು ದಾಟಿದ ಹೆಂಗಸು. ಕಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿ, ಏನೂ ಹೇಳದೆ ಮೇಲೆ ಹೋಗಿ, ಸವೆದು ಬೂದುಬಣ್ಣಕ್ಕೆ ತಿರುಗಿದ ಒಂದು ಮರದ ಹಲಗೆಯನ್ನು ಹೊತ್ತುಕೊಂಡು ಬಂದರು. "ಕಲ್ಲು ಏನನ್ನೂ ಹಿಡಿದುಕೊಳ್ಳುವುದಿಲ್ಲ, ಮಗಳೇ. ಹಲಗೆ ಹಿಡಿದುಕೊಳ್ಳಬೇಕು, ಚಾಕು ಎಳೆಯಬೇಕು." ನಾನು ಹಲಗೆಯ ಮೇಲೆ ಒಣಹಿಟ್ಟು ಉದುರಿಸಲು ಹೋದಾಗ ಕೈ ಹಿಡಿದು ತಡೆದರು. ಒಣಹಿಟ್ಟು ಬಿದ್ದರೆ ಮತ್ತೆ ಜಾರುತ್ತದೆಯಲ್ಲ.

ಒರೆಕ್ಯೆತ್ತೆಯ ಗುಟ್ಟೆಲ್ಲ ಆ ಹಿಡಿತ ಮತ್ತು ಎಳೆತದ ನಡುವೆ ಇದೆ. ಕಣಕದ ಒಂದು ಭಾಗವನ್ನು ಕಿರುಬೆರಳ ದಪ್ಪದ ಎಳೆಯಾಗಿ ಹೊಸೆಯುತ್ತೇನೆ. ಉಳಿದದ್ದು ಬಟ್ಟಲಿನ ಕೆಳಗೇ ಇರಬೇಕು, ಇಲ್ಲವಾದರೆ ತೊಗಟೆ ಕಟ್ಟುತ್ತದೆ. ಎಳೆಯಿಂದ ಒಂದು ಸೆಂಟಿಮೀಟರಿನಷ್ಟು ಚೂರು ಕತ್ತರಿಸಿ, ಅದರ ಆಚೆ ಅಂಚಿನ ಮೇಲೆ ಚಾಕುವನ್ನು ಓರೆಯಾಗಿಟ್ಟು, ಒತ್ತುತ್ತಲೇ ನನ್ನ ಕಡೆಗೆ ಎಳೆಯುತ್ತೇನೆ. ಚಾಕು ಊಟದ ಮೇಜಿನದು. ತುದಿ ದುಂಡಗೆ, ಅಲಗು ಮೊಂಡು. ಚೂರಿನ ಕೆಳಮೈ ಮರಕ್ಕೆ ಕಚ್ಚಿಕೊಂಡಿರುತ್ತದೆ, ಮೇಲ್ಮೈ ಚಾಕುವಿನ ಜೊತೆ ಹರಿದು ಬರುತ್ತದೆ, ಹಾಗೆ ಬರುತ್ತಾ ತರಕಲಾಗುತ್ತದೆ, ಕೊನೆಗೆ ಅಲಗಿನ ಮೇಲೆ ಸುರುಳಿಯಾಗಿ ಕೂರುತ್ತದೆ. ಈಗ ಆ ತರಕಲು ಮೈ ಒಳಗಿದೆ. ಅದನ್ನು ಹೆಬ್ಬೆರಳ ತುದಿಗೆ ಟೊಪ್ಪಿಗೆಯಂತೆ ತೊಡಿಸಿ ಒಳಹೊರಗು ಮಾಡಿದರೆ ಒರಟು ಹೊರಗೆ ಬರುತ್ತದೆ. ನಡುವೆ ತೆಳುವಾಗಿ, ಅಂಚಿನಲ್ಲಿ ತುಸು ದಪ್ಪವಾದ ಕಿವಿ ಸಿದ್ಧ. ಮಗುಚದೆ ಬಿಟ್ಟದ್ದನ್ನು ಸ್ತ್ರಾಷಿನಾತಿ ಎನ್ನುತ್ತಾರೆ, ಎಂದರೆ ಎಳೆದದ್ದು. ನಾನು ಒತ್ತುವುದನ್ನು ಒಂದು ಕ್ಷಣ, ಎಳೆಯುವುದನ್ನು ಇನ್ನೊಂದು ಕ್ಷಣ ಎಂದು ಬೇರೆ ಮಾಡುತ್ತಿದ್ದೆ. ಅದಕ್ಕೇ ಚೂರು ಚಪ್ಪಟೆಯಾಗಿ ಹಲಗೆಗೆ ಅಂಟುತ್ತಿತ್ತು. ಎರಡೂ ಒಂದೇ ಚಲನೆ ಎಂಬುದು ಕೈಗೆ ತಿಳಿದ ದಿನ ಒಂದರ ಹಿಂದೆ ಒಂದು ಇಪ್ಪತ್ತು ಕಿವಿ ಸರಿಯಾಗಿ ಬಂದವು. ಮೇಲಕ್ಕೆ ಓಡಿ ಹೋಗಿ ತೋರಿಸಿ ಬಂದೆ.

ಬೇಯಿಸಿದ ತಾಲ್ಯತೆಲ್ಲೆಯ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ಬೊಲೊನ್ಯದ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಸಿದ್ದಾರೆ. ನಮ್ಮ ಕಟ್ಟಡದಲ್ಲಿ ಒರೆಕ್ಯೆತ್ತೆಗೆ ಮಾಡುವವಳ ಹೆಬ್ಬೆರಳೇ ಅಳತೆ. ಸಿನ್ಯೋರಾ ಮಾಡಿದವು ನನ್ನವಕ್ಕಿಂತ ಚಿಕ್ಕವು. ಒಂದೇ ತಟ್ಟೆಯಲ್ಲಿ ಬೆರೆಸಿಟ್ಟರೂ ಯಾರದು ಯಾವುದೆಂದು ಹೇಳಬಹುದು.

ನಾನು ಧಾರವಾಡದವಳು. ಮದುವೆ ಹತ್ತಿರ ಬಂದಾಗ ಮನೆಯ ಹೆಂಗಸರೆಲ್ಲ ಕೂತು ಪಾಯಸಕ್ಕೆ ಗವಲಿ, ಪರಡಿ ಮಾಡುತ್ತಿದ್ದುದನ್ನು ನೋಡಿ ಬೆಳೆದವಳು. ಗೋಧಿಯ ಕಣಕದ ಎಳೆಯಿಂದ ಚೂರು ಚಿವುಟಿ, ಬೆರಳಲ್ಲಿ ಹೊಸೆದು, ಬಿಳಿ ಬಟ್ಟೆಯ ಮೇಲೆ ಉದುರಿಸುವ ಆ ಕೆಲಸಕ್ಕೂ ಆರ್ಕೊ ಬಾಸ್ಸೊದ ಕೆಲಸಕ್ಕೂ ಇರುವ ಹೋಲಿಕೆ ನನ್ನನ್ನು ಬಹಳ ದಿನ ಕಾಡಿತು. ಗೋಧಿಯಲ್ಲೂ ನೆಂಟಸ್ತಿಕೆಯಿದೆ: ನಮ್ಮ ಜವೆ ಗೋಧಿಯ ವಂಶದಿಂದಲೇ ಗಟ್ಟಿ ಗೋಧಿ ಬಂದದ್ದು, ಎರಡಕ್ಕೂ 28 ವರ್ಣತಂತುಗಳು, ಬ್ರೆಡ್ಡಿನ ಗೋಧಿಗಾದರೆ 42. ಊರಿಗೆ ಹೋದಾಗ ಚಿರೋಟಿ ರವೆಯಲ್ಲಿ ಮಾಡಿ ನೋಡಿದೆ, ಬೇಯುವಾಗ ಅಂಚು ಕರಗಿತು. ಆಮೇಲೆ ಹೊಳೆದದ್ದು ಬನ್ಸಿ ರವೆ. ಅದು ಗಟ್ಟಿ ಗೋಧಿಯದೇ, ಆದರೆ ದಪ್ಪ. ಮಿಕ್ಸಿಯಲ್ಲಿ ಮತ್ತೊಮ್ಮೆ ಪುಡಿ ಮಾಡಿ, ಸಣ್ಣ ಜರಡಿಯಲ್ಲಿ ಹಿಡಿದು, ನೀರು ಹಾಕಿ ಕಲಸಿ ಒಂದು ಗಂಟೆ ನೆನೆಯಲು ಬಿಟ್ಟೆ. ಬಾರಿಯಷ್ಟಲ್ಲದಿದ್ದರೂ ಒಳ್ಳೆಯ, ಒರಟಾದ ಕಿವಿಗಳೇ ಬಂದವು. ಅವ್ವ ಅದೇ ಕಣಕದಲ್ಲಿ ಒಂದು ಹಿಡಿ ಗವಲಿ ಮಾಡಿ ಪಕ್ಕಕ್ಕಿಟ್ಟಳು.

ಒಣಗಿಸುವುದರ ಬಗ್ಗೆ ಒಂದೇ ಎಚ್ಚರಿಕೆ: ಬಿಸಿಲಿಗೆ ಇಡಬೇಡಿ, ಬಿರುಕು ಬಿಡುತ್ತವೆ. ಹತ್ತಿಯ ಬಟ್ಟೆಯ ಮೇಲೆ ನೆರಳಿನಲ್ಲಿ, ಒಂದಕ್ಕೊಂದು ತಾಗದಂತೆ ಇಡಿ. ಸಮುದ್ರದ ಕಡೆಯಿಂದ ತೇವದ ಗಾಳಿ ಬೀಸುವ ದಿನಗಳಲ್ಲಿ ನಾನು ಒಣಗಿಸಲು ಹೋಗುವುದೇ ಇಲ್ಲ, ಅಂದಂದಿಗೆ ಬೇಯಿಸುತ್ತೇನೆ.

ಚಳಿಗಾಲದಲ್ಲಿ ಇದರ ಜೊತೆಗಾರ ಚೀಮೆ ದಿ ರಾಪಾ, ಸಾಸಿವೆಯ ಬಳಗದ, ತುಸು ಕಹಿಯಾದ ಸೊಪ್ಪು. ಧಾರವಾಡದಲ್ಲಿ ಮೂಲಂಗಿ ಸೊಪ್ಪು ಬಳಸಿದೆ, ಹೊಂದಿತು. ನೂರು ಗ್ರಾಂ ಪಾಸ್ತಾಕ್ಕೆ ಒಂದು ಲೀಟರಿನಂತೆ ನೀರು ಕುದಿಸಿ, ಉಪ್ಪು ಹಾಕಿ, ಮೊದಲು ಸೊಪ್ಪನ್ನು ಬಿಡುತ್ತೇನೆ. ಅದು ಅರ್ಧ ಬೆಂದ ಮೇಲೆ ಅದೇ ನೀರಿಗೆ ಒರೆಕ್ಯೆತ್ತೆ. ಸೊಪ್ಪಿನ ಕಹಿ ಆಗ ಹಿಟ್ಟಿನೊಳಕ್ಕೆ ಇಳಿಯುತ್ತದೆ. ಹಸಿಯದಾದರೆ ನಾಲ್ಕೈದು ನಿಮಿಷ, ಒಣಗಿದ್ದಕ್ಕೆ ಹತ್ತರ ಮೇಲೆ. ಒಂದನ್ನು ಕಚ್ಚಿ ನೋಡುವುದೇ ಪರೀಕ್ಷೆ. ಬಾಣಲೆಯಲ್ಲಿ ಆಲಿವ್ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಇಲ್ಲಿಯವರು ಉಪ್ಪು ಹಾಕಿದ ಸಣ್ಣ ಮೀನನ್ನೂ ಆ ಎಣ್ಣೆಯಲ್ಲಿ ಕರಗಿಸುತ್ತಾರೆ. ಶಾಕಾಹಾರಿಯಾದ ನನಗೆ ಸಿನ್ಯೋರಾ ತೋರಿಸಿಕೊಟ್ಟ ದಾರಿ ಬೇರೆ: ಹಳೆಯ ಬ್ರೆಡ್ಡನ್ನು ಪುಡಿ ಮಾಡಿ ಎಣ್ಣೆಯಲ್ಲಿ ಕೆಂಪಗೆ ಹುರಿದು ಮೇಲೆ ಉದುರಿಸುವುದು. ಬಸಿದ ಸೊಪ್ಪು, ಪಾಸ್ತಾ ಎರಡನ್ನೂ ಒಂದು ಸೌಟು ಬೇಯಿಸಿದ ನೀರಿನೊಡನೆ ಬಾಣಲೆಗೆ ಹಾಕಿ ಒಮ್ಮೆ ಕೈಯಾಡಿಸಿದರೆ ಮುಗಿಯಿತು. ಆರಿದರೆ ಗಟ್ಟಿಯಾಗುತ್ತದೆ. ಅದಕ್ಕೇ ಭಾನುವಾರ ಮಧ್ಯಾಹ್ನ ಸಿನ್ಯೋರಾ ಮೆಟ್ಟಿಲಿಳಿದು ಬಂದು ಕುರ್ಚಿಯಲ್ಲಿ ಕೂತ ಮೇಲೆಯೇ ನಾನು ಒರೆಕ್ಯೆತ್ತೆಯನ್ನು ನೀರಿಗೆ ಬಿಡುವುದು.