ಬಿಡ್ ಮಾಡಿದ ಕೂಡಲೇ ದುಡ್ಡು ಬ್ಲಾಕ್: ನಾನು ಕಾರ್ಡ್ ಹೊಂದಿಸಿಕೊಂಡ ಬಗೆ

ನಾನು ಹಳೆಯ ಫಿಲ್ಮ್ ಕ್ಯಾಮೆರಾ, ಲೆನ್ಸ್‌ಗಳನ್ನು ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವನು. ಮೊದಲೆಲ್ಲ ಗೆದ್ದ ಮೇಲೆ ಬಿಲ್ ಬರುತ್ತಿತ್ತು, ನಿಧಾನವಾಗಿ ಕಟ್ಟಬಹುದಿತ್ತು, ಕೆಲವರಂತೂ ಕಟ್ಟದೆ ಮಾಯವಾಗುತ್ತಿದ್ದರು. ಮಾರುವವರಿಗೆ ಅದು ದೊಡ್ಡ ತಲೆನೋವು. ಈಗ ಎಷ್ಟೋ ಕಡೆ ಬಿಡ್ ಹಾಕುವ ಮುಂಚೆಯೇ ಕಾರ್ಡ್ ವಿವರ ಕೊಡಬೇಕು, ಗೆದ್ದರೆ ದುಡ್ಡು ತಾನಾಗಿ ಕಡಿತವಾಗುತ್ತದೆ. ನನಗೆ ಇದು ಇಷ್ಟವೇ. ದುಡ್ಡಿಲ್ಲದೆ ಸುಮ್ನೆ ಬೆಲೆ ಏರಿಸುವವರು ಕಡಿಮೆಯಾದರು.

ಆದರೆ ಎಲ್ಲಾ ಕಡೆ ಒಂದೇ ರೀತಿ ಇರುವುದಿಲ್ಲ. ಕೆಲವು ಸೈಟ್‌ಗಳು ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ತೀರಾ ಸಣ್ಣ ಮೊತ್ತ ಹಾಕಿ ನೋಡಿ ಬಿಟ್ಟುಬಿಡುತ್ತವೆ, ನಿಜವಾದ ಕಡಿತ ಗೆದ್ದ ಮೇಲೆ. ಇನ್ನು ಕೆಲವು ಬಿಡ್ ಮಾಡಿದಾಗಲೇ ಅಷ್ಟೂ ಮೊತ್ತವನ್ನು ಬ್ಯಾಂಕಿನಲ್ಲಿ ಬ್ಲಾಕ್ ಮಾಡಿಸುತ್ತವೆ. ಬ್ಲಾಕ್ ಆದ ದುಡ್ಡು ಇನ್ನೂ ನಿಮ್ಮದೇ, ಖರ್ಚು ಮಾಡಲು ಮಾತ್ರ ಆಗುವುದಿಲ್ಲ. ಹೊಸ ಸೈಟ್‌ಗೆ ಸೇರಿದರೆ ನಾನು ಷರತ್ತುಗಳಲ್ಲಿ ಮೊದಲು ಹುಡುಕುವುದು ಇದನ್ನೇ. ಉಳಿದದ್ದನ್ನು ಯಾರು ಓದುತ್ತಾರೆ, ಅಲ್ವಾ?

ಎರಡನೇ ಬಗೆಯ ಸೈಟ್‌ಗೆ ಡೆಬಿಟ್ ಕಾರ್ಡ್ ಕೊಡುವುದೇ ಇಲ್ಲ. ಡೆಬಿಟ್‌ನಲ್ಲಿ ಬ್ಲಾಕ್ ಆಗುವುದು ಖಾತೆಯಲ್ಲಿರುವ ನಿಜವಾದ ದುಡ್ಡು, ಅದರಿಂದಲೇ ಮನೆ ಬಾಡಿಗೆಯೂ ಹೋಗಬೇಕು. ಕ್ರೆಡಿಟ್ ಕಾರ್ಡಾದರೆ ಮಿತಿ ತಾತ್ಕಾಲಿಕವಾಗಿ ಕಡಿಮೆಯಾಗುತ್ತದೆ, ಅಷ್ಟೇ. ಹರಾಜಿಗೆಂದೇ ಒಂದು ಕಾರ್ಡ್ ಇಟ್ಟುಕೊಂಡಿದ್ದೇನೆ. ಅದರ ಮಿತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾನೇ ಇಳಿಸಿದ್ದೇನೆ. ಕೊನೆಯ ನಿಮಿಷದಲ್ಲಿ ಎದುರಾಳಿ ಮೇಲೆ ಹಟ ಬಂದರೂ ಕಾರ್ಡ್ ಒಪ್ಪುವುದಿಲ್ಲ. ನನ್ನ ಮನಸ್ಸಿಗಿಂತ ಆ ಮಿತಿಯ ಮೇಲೆ ನನಗೆ ನಂಬಿಕೆ ಜಾಸ್ತಿ.

ಇನ್ನು ಲೆಕ್ಕ. ಬಹಳಷ್ಟು ಸೈಟ್‌ಗಳಲ್ಲಿ ನಮ್ಮ ಗರಿಷ್ಠ ಬೆಲೆಯನ್ನು ಒಮ್ಮೆ ಹೇಳಿದರೆ ಸಾಕು, ಯಾರಾದರೂ ಏರಿಸಿದಾಗ ಸೈಟೇ ನಮ್ಮ ಪರವಾಗಿ ಒಂದೊಂದು ಹೆಜ್ಜೆ ಏರಿಸುತ್ತಾ ಹೋಗುತ್ತದೆ. ಗೆದ್ದಾಗ ಕೊಡಬೇಕಾದದ್ದು ಎರಡನೆಯವರ ಬೆಲೆಗಿಂತ ಒಂದು ಹೆಜ್ಜೆ ಜಾಸ್ತಿ, ಅದೂ ನಮ್ಮ ಗರಿಷ್ಠದೊಳಗೇ. ಎರಡನೆಯವರ ಬೆಲೆಯನ್ನೇ ಗೆದ್ದವರು ಕೊಡುವ ಹರಾಜಿನ ಬಗ್ಗೆ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲೇ ಬರೆದಿದ್ದರು. ಅಲ್ಲಿ ನಮಗೆ ನಿಜಕ್ಕೂ ಎಷ್ಟು ಬೆಲೆ ಅನ್ನಿಸುತ್ತದೋ ಅಷ್ಟನ್ನೇ ಹೇಳುವುದು ಲಾಭ, ಹಾಗಾಗಿ ನಾನೂ ಹೆಚ್ಚುಕಡಿಮೆ ಹಾಗೇ ಮಾಡುತ್ತೇನೆ. ಆದರೆ ಬ್ಲಾಕ್ ಆಗುವುದು ಈಗಿನ ಬೆಲೆಯೋ ನಮ್ಮ ಗರಿಷ್ಠವೋ ಎನ್ನುವುದು ಸೈಟ್‌ನಿಂದ ಸೈಟ್‌ಗೆ ಬೇರೆ. ನಾನು ಯಾವಾಗಲೂ ಗರಿಷ್ಠವೆಂದೇ ಲೆಕ್ಕ ಹಾಕುತ್ತೇನೆ. ಅದರ ಮೇಲೆ ಸಾಗಾಟ, ತೆರಿಗೆ, ಹರಾಜು ಮನೆಯಾದರೆ ಕೊಳ್ಳುವವರ ಮೇಲೆ ಹಾಕುವ ಕಮಿಷನ್, ಬೇರೆ ದೇಶದ ಮಾರಾಟಗಾರರಾದರೆ ಕರೆನ್ಸಿ ಬದಲಾವಣೆಯ ಶುಲ್ಕ. ಇವೆಲ್ಲ ಸೇರಿಸಿ ಬಂದ ಮೊತ್ತ ನನ್ನ ಬಜೆಟ್ ದಾಟಿದರೆ ಗರಿಷ್ಠವನ್ನೇ ಇಳಿಸುತ್ತೇನೆ.

ಬೇರೆಯವರು ನನ್ನನ್ನು ಮೀರಿಸಿದರೆ ಸೈಟ್ ಆ ಬ್ಲಾಕನ್ನು ತಕ್ಷಣ ಕೈಬಿಡುತ್ತದೆ, ದುಡ್ಡು ಬಿಡಿಸುವುದರಲ್ಲಿ ಬ್ಯಾಂಕ್ ಮಾತ್ರ ನಿಧಾನ. ಕೆಲವೊಮ್ಮೆ ಕೆಲವು ದಿನಗಳೇ ಬೇಕು. ಒಂದೇ ವಾರ ನಾಲ್ಕೈದು ಲೆನ್ಸ್‌ಗೆ ಬಿಡ್ ಹಾಕಿ ಎಲ್ಲದರಲ್ಲೂ ಸೋತರೂ ಕಾರ್ಡಿನ ಮಿತಿ ತುಂಬಿಯೇ ಇರಬಹುದು. ಅದಕ್ಕೆ ನಾನು ಹರಾಜುಗಳನ್ನು ಮುಗಿಯುವ ದಿನದ ಪ್ರಕಾರ ಬರೆದಿಟ್ಟುಕೊಂಡು, ತುಂಬಾ ಬೇಕಾದದ್ದಕ್ಕೆ ಜಾಗ ಉಳಿಸಿ, ಉಳಿದವನ್ನು ಬಿಟ್ಟುಬಿಡುತ್ತೇನೆ. ಬ್ಲಾಕ್ ಬಿಡದಿದ್ದರೆ ಹರಾಜು ಸೈಟಿಗಿಂತ ಬ್ಯಾಂಕಿಗೆ ಕೇಳುವುದು ಒಳ್ಳೆಯದು. ಆ ವ್ಯವಹಾರದ ಆಥರೈಸೇಶನ್ ಕೋಡ್ (ಬ್ಯಾಂಕ್ ಒಪ್ಪಿಗೆ ಕೊಟ್ಟಾಗ ಹಾಕುವ ಗುರುತಿನ ಸಂಖ್ಯೆ) ಹೇಳಿದರೆ ಹುಡುಕಲು ಅವರಿಗೂ ಸುಲಭ.

ಒಟಿಪಿ ಬಗ್ಗೆ ಒಂದು ಮಾತು. ಮೊದಲ ಸಲ ಕಾರ್ಡ್ ಸೇರಿಸುವಾಗ ಅದನ್ನು ಕೇಳಬಹುದು, ಬಿಡ್ ಮಾಡುವಾಗ ಮತ್ತೆ ಕೇಳಿದರೆ ಕೊನೆಯ ಹತ್ತು ಸೆಕೆಂಡಿನಲ್ಲಿ ಬಿಡ್ ಹಾಕುವ ಆಟ ಮುಗಿದಂತೆಯೇ. ಅದಕ್ಕೇ ಹೊಸ ಸೈಟ್‌ನಲ್ಲಿ ಮೊದಲು ಲೆನ್ಸ್ ಮುಚ್ಚಳದಂಥ ಅಗ್ಗದ ವಸ್ತುವಿಗೆ ಬಿಡ್ ಹಾಕಿ ಎಲ್ಲಿ ಏನು ಕೇಳುತ್ತದೆ, ಎಷ್ಟು ಬ್ಲಾಕ್ ಆಗುತ್ತದೆ ಎಂದು ನೋಡಿಕೊಳ್ಳುತ್ತೇನೆ. ಗೆದ್ದರೂ ನಷ್ಟವಿಲ್ಲ, ಮುಚ್ಚಳ ಯಾವಾಗಲೂ ಕಳೆದುಹೋಗುತ್ತಲೇ ಇರುತ್ತದೆ.

ಈ ಪದ್ಧತಿಯಲ್ಲಿ ನನಗೆ ಸೇರದ್ದು ಒಂದೇ. ಒಬ್ಬರೇ ಮಾರಾಟಗಾರರಿಂದ ಮೂರು ವಸ್ತು ಗೆದ್ದರೂ ಮೂರಕ್ಕೂ ಬೇರೆ ಬೇರೆ ಸಾಗಾಟ ಶುಲ್ಕ ಕಡಿತವಾಗಿಬಿಡುವುದುಂಟು, ಒಂದೇ ಪೆಟ್ಟಿಗೆಯಲ್ಲಿ ಕಳಿಸಿ ಎಂದು ಹೇಳಲು ಸಮಯವೇ ಇರುವುದಿಲ್ಲ. ಹಾಗಾಗಿ ಬಿಡ್ ಹಾಕುವ ಮುಂಚೆಯೇ ಅವರಿಗೆ ಸಂದೇಶ ಕಳಿಸಿ, ಒಟ್ಟಿಗೆ ಕಳಿಸಿದರೆ ಹೆಚ್ಚುವರಿ ಶುಲ್ಕ ವಾಪಸ್ ಕೊಡುತ್ತೀರಾ ಎಂದು ಕೇಳುತ್ತೇನೆ. ಹೌದು ಎಂದವರ ಉತ್ತರ ಸೈಟಿನ ಸಂದೇಶಗಳಲ್ಲೇ ಇರುತ್ತದೆ, ಉತ್ತರವೇ ಕೊಡದವರ ಹತ್ತಿರ ಒಂದೇ ವಸ್ತುವಿಗೆ ಬಿಡ್ ಹಾಕುತ್ತೇನೆ.