ಎರೆಹೊಲದಲ್ಲಿ ಉಗಿ ನೇಗಿಲು: ಒಂದೇ ಎಂಜಿನ್‌ನಿಂದ ಉತ್ತ ನನ್ನ ಅನುಭವ

ಒಂದೇ ಉಗಿ ಎಂಜಿನ್ ಇಟ್ಟುಕೊಂಡು ಎರೆಹೊಲದಲ್ಲಿ ತಂತಿಹಗ್ಗದ ಉಳುಮೆ, ಅಂದರೆ ಬದುವಿನಲ್ಲಿ ನಿಂತ ಎಂಜಿನ್ ಹಗ್ಗ ಸುತ್ತಿ ನೇಗಿಲನ್ನು ಎಳೆಯುವುದು, ಸಾಧ್ಯವಿಲ್ಲ ಎಂದು ನನಗೆ ಹೇಳದವರೇ ಇರಲಿಲ್ಲ. ಪುಣೆ ಕಡೆಯ ಮಾದರಿ ಎಂಜಿನ್ ಹವ್ಯಾಸಿಗಳು ಹೇಳಿದರು, ಎರಕ ಹೊಯ್ದುಕೊಟ್ಟವರು ಹೇಳಿದರು, ನಮ್ಮೂರ ರೈತರಂತೂ ಕಟ್ಟೆಯ ಮೇಲೆ ಕುಳಿತು ತೀರ್ಪನ್ನೇ ಕೊಟ್ಟುಬಿಟ್ಟಿದ್ದರು. ಈ ವರ್ಷ ಬಿಳಿಜೋಳದ ಕೊಯ್ಲು ಮುಗಿದ ಮೇಲೆ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ನನ್ನ ಹೊಲದಲ್ಲಿ ಆ ಉಳುಮೆ ನಡೆಯಿತು. ಐದು ಇಂಚು ಆಳ, ಆರು ಇಂಚು ಅಗಲದ ಸಾಲು. ಈ ಬದುವಿನಿಂದ ಆ ಬದುವಿಗೆ ಸುಮಾರು ನಲವತ್ತು ಮೀಟರ್. ನೇಗಿಲು ನೆಟ್ಟಗೆ ಹೋಯಿತು, ನೆಟ್ಟಗೆ ಮರಳಿತು. ತೀರ್ಪು ಕೊಟ್ಟವರಲ್ಲಿ ಅರ್ಧ ಜನ ಬದುವಿನ ಮೇಲೆ ನಿಂತು ಅದನ್ನು ನೋಡಿದರು.

ಉಗಿ ಉಳುಮೆ ಎಂದರೆ ಎಲ್ಲರ ಕಣ್ಣ ಮುಂದೆ ಬರುವುದು ಜೋಡಿ ಎಂಜಿನ್‌ಗಳ ಚಿತ್ರ: ಹೊಲದ ಎರಡು ತುದಿಗಳಲ್ಲಿ ಎರಡು ಫೌಲರ್ ಎಂಜಿನ್‌ಗಳು, ಹೊಟ್ಟೆಯ ಕೆಳಗೆ ಹಗ್ಗದ ಡ್ರಮ್, ಒಂದು ಎಳೆಯುವಾಗ ಇನ್ನೊಂದು ಹಗ್ಗ ಬಿಡುತ್ತಾ ಮುಂದೆ ಸರಿಯುವುದು. ಅದು ಭವ್ಯವಾದ ವ್ಯವಸ್ಥೆ, ಒಪ್ಪುತ್ತೇನೆ. ಆದರೆ ಆ ಎಂಜಿನ್‌ಗಳಿಗೆ ಹೆಸರು ಕೊಟ್ಟ ಜಾನ್ ಫೌಲರ್ 1858ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ನಲ್ಲಿ ರಾಯಲ್ ಕೃಷಿ ಸಂಘದ 500 ಪೌಂಡ್ ಬಹುಮಾನ ಗೆದ್ದದ್ದು ಜೋಡಿ ಎಂಜಿನ್‌ನಿಂದ ಅಲ್ಲ. ಒಂದು ಬದುವಿನಲ್ಲಿ ಎಂಜಿನ್, ಎದುರು ಬದುವಿನಲ್ಲಿ ನೆಲಕ್ಕೆ ಕಚ್ಚಿ ನಿಲ್ಲುವ ಡಿಸ್ಕ್ ಚಕ್ರಗಳ ಆಂಕರ್ ಗಾಡಿ, ಅದರಲ್ಲೊಂದು ರಾಟೆ, ಇಷ್ಟರಿಂದ. ಜೋಡಿ ಎಂಜಿನ್ ರೂಢಿಗೆ ಬಂದದ್ದು 1860ರ ದಶಕದಲ್ಲಿ. 1864ರಲ್ಲಿ, ಮೂವತ್ತೆಂಟರ ವಯಸ್ಸಿಗೇ ಫೌಲರ್ ತೀರಿಕೊಂಡರು. ನನ್ನೊಂದಿಗೆ ವಾದಕ್ಕೆ ಬಂದವರಿಗೆಲ್ಲ ಕೇಳಿದ ಪ್ರಶ್ನೆ ಒಂದೇ: ಇಂಗ್ಲೆಂಡಿನ ಜೇಡಿನಲ್ಲಿ ನಿಂತ ಆಂಕರ್ ಸೊಲ್ಲಾಪುರದ ಎರೆಯಲ್ಲಿ ಏಕೆ ನಿಲ್ಲಬಾರದು? ಎರಡನೆಯ ಎಂಜಿನ್‌ಗೆ ನನ್ನಲ್ಲಿ ದುಡ್ಡಿರಲಿಲ್ಲ ಎಂಬುದೂ ನಿಜ.

ಎಂಜಿನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೂಲ ಫೌಲರ್ ಎಂಜಿನ್‌ನ ಕಾಲು ಅಳತೆಯ ಮಾದರಿ. ಒಂದೇ ಸಿಲಿಂಡರ್, ಎರಡೂವರೆ ಇಂಚಿನ ಬೋರ್, ಮೂರೂವರೆ ಇಂಚಿನ ಸ್ಟ್ರೋಕ್, ಉಗಿಯ ಕೆಲಸದ ಒತ್ತಡ ಚದರ ಸೆಂಟಿಮೀಟರಿಗೆ 7 ಕೆಜಿ. ತೂಕ ನೀರು ಸೇರಿ ಮುನ್ನೂರು ಕೆಜಿಯ ಆಸುಪಾಸು. ಬಾಯ್ಲರನ್ನು ಬೇಕೆಂದೇ 25 ಲೀಟರ್‌ನ ಒಳಗೆ ಇಟ್ಟೆ. ಅದಕ್ಕಿಂತ ದೊಡ್ಡದಾದರೆ ಬಾಯ್ಲರ್ ಕಾಯ್ದೆಯ ನೋಂದಣಿ, ತಪಾಸಣೆ ಎಲ್ಲವೂ ಬರುತ್ತವೆ. ಕಾಯ್ದೆಗೆ ಒಳಪಡದ ಬಾಯ್ಲರ್ ಎಂದು ಸಡಿಲ ಬಿಟ್ಟಿಲ್ಲ. ಬಾಯ್ಲರ್ ದರ್ಜೆಯ ಪ್ಲೇಟ್, ಸೀಮ್‌ಲೆಸ್ ಟ್ಯೂಬ್, ಪ್ರಮಾಣಪತ್ರವಿರುವ ವೆಲ್ಡರ್ ಕೈಯಿಂದಲೇ ವೆಲ್ಡಿಂಗ್, 14 ಕೆಜಿಗೆ ತಣ್ಣೀರಿನ ಒತ್ತಡ ಪರೀಕ್ಷೆ, ಎರಡು ಸೇಫ್ಟಿ ವಾಲ್ವ್, ಬೆಂಕಿ ಉರಿಯುವ ಫೈರ್‌ಬಾಕ್ಸ್‌ನ ನೆತ್ತಿಯಲ್ಲಿ, ನೀರು ತಗ್ಗಿದರೆ ಕರಗಿ ಎಚ್ಚರಿಸುವ ಪ್ಲಗ್. ಇದರಲ್ಲಿ ಜಿಪುಣತನ ಮಾಡುವವರು ದಯವಿಟ್ಟು ಈ ಹವ್ಯಾಸಕ್ಕೆ ಬರಬೇಡಿ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಬಾಯ್ಲರಿಗೆ ಎಂಬತ್ತು, ಎಂಬತ್ತೈದು ಸಾವಿರ. ಎರಕಕ್ಕೆ ಅರವತ್ತು ಸಾವಿರ ದಾಟಿತು. ಬಾಯ್ಲರಿಗೆ ನೀರು ತಳ್ಳುವ ಇಂಜೆಕ್ಟರ್, ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್, ಒತ್ತಡದ ಮೀಟರ್ ಸೇರಿ ಮೂವತ್ತು ಸಾವಿರ. ಇಂಜೆಕ್ಟರನ್ನು ಹೊರದೇಶದಿಂದ ತರಿಸಿದ್ದರಿಂದ ಅದರ ಬೆಲೆಗಿಂತ ಸುಂಕ, ಸಾಗಣೆಯೇ ಚುಚ್ಚಿತು. ಗೇರ್, ಬೇರಿಂಗ್, ಹಗ್ಗ, ಡ್ರಮ್, ಆಂಕರ್, ನೇಗಿಲು ಎಲ್ಲ ಸೇರಿ ಒಟ್ಟು ಮೂರೂವರೆ ಲಕ್ಷ ಮುಟ್ಟಿರಬೇಕು. ಲೇತ್ ನನ್ನದೇ, ಕೂಲಿ ನನ್ನದೇ. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ವರ್ಕ್‌ಶಾಪಿನಲ್ಲಿದ್ದ ಹಳೆಯ ಶೇಪರ್ ಯಂತ್ರವನ್ನು ಮಾರಿದೆ, ಎರಡು ಹಂಗಾಮು ಕಬ್ಬಿನ ಗಾಣಗಳ ರಿಪೇರಿಯಿಂದ ಬಂದದ್ದನ್ನೂ ಇದಕ್ಕೇ ಸುರಿದೆ.

ಸಿಲಿಂಡರ್ ಎರಕವೇ ಮೊದಲ ಪೆಟ್ಟು ಕೊಟ್ಟಿತು. ಕೊಲ್ಹಾಪುರದಲ್ಲಿ ಒಳ್ಳೆಯ ಫೌಂಡ್ರಿಗಳಿಗೆ ಬರವಿಲ್ಲ, ಆದರೆ ಟನ್‌ಗಟ್ಟಲೆ ಹೊಯ್ಯುವವರಿಗೆ ನನ್ನ ಹನ್ನೆರಡು ಕೆಜಿಯ ತುಂಡು ಯಾವ ಲೆಕ್ಕ? ಒಂದು ಕಡೆ ಕೊಟ್ಟೆ. ಬೋರಿಂಗ್ ಅರ್ಧ ಮುಗಿಯುವಷ್ಟರಲ್ಲಿ ಉಗಿದಾರಿಯ ಪಕ್ಕದಲ್ಲಿ ಗಾಳಿರಂಧ್ರಗಳು ಬಾಯಿ ತೆರೆದವು. ಮತ್ತೆ ಹೊಯ್ಯಿಸಿದೆ, ಒಳಗಿನ ಪೊಳ್ಳು ಬಿಡಿಸುವ ಕೋರ್ ಸರಿದು ಗೋಡೆ ಒಂದು ಕಡೆ ತೆಳ್ಳಗೆ ಬಂತು. ಮೂರನೆಯದನ್ನು ಬೇರೆ ಊರಿನ ಸಣ್ಣ ಫೌಂಡ್ರಿಯಲ್ಲಿ, ಅಚ್ಚಿನ ಪಕ್ಕದಲ್ಲೇ ನಿಂತು ಹೊಯ್ಯಿಸಿಕೊಂಡೆ. ಅದೇ ಈಗ ಓಡುತ್ತಿರುವುದು. ಸಣ್ಣ ಎರಕ ಬೇಕಾದವರು ಸಣ್ಣ ಫೌಂಡ್ರಿಗೇ ಹೋಗಿ, ಎದುರು ನಿಂತೇ ಮಾಡಿಸಿಕೊಳ್ಳಿ.

ನೀರಿನ ಪಾಠ ಕಲಿತದ್ದು ಸೊಲ್ಲಾಪುರದ ಗಿರಣಿಯಲ್ಲಿ ಬಾಯ್ಲರ್ ಅಟೆಂಡೆಂಟ್ ಆಗಿದ್ದ ಹಿರಿಯರೊಬ್ಬರಿಂದ. ಗಿರಣಿ ಮುಚ್ಚಿ ವರ್ಷಗಳಾದವು. ಅವರ ಕಿವಿ ಈಗಲೂ ಸೇಫ್ಟಿ ವಾಲ್ವ್‌ನ ಸದ್ದಿನಲ್ಲೇ ಒತ್ತಡ ಹೇಳುತ್ತದೆ.

“ಕಾಕಾ, ಇದಕ್ಕೆ ನಮ್ಮ ಬೋರ್‌ವೆಲ್ ನೀರು ನಡೆಯುತ್ತದೆಯೇ?” ಎಂದು ಕೇಳಿದೆ.

“ತಮ್ಮಾ, ಆ ನೀರಿನಲ್ಲಿ ಬೇಳೆಯೇ ಬೇಯುವುದಿಲ್ಲ. ಬಾಯ್ಲರ್ ಬದುಕುತ್ತದೆಯೇ?” ಎಂದರು.

ಮಳೆನೀರನ್ನು ಟಾಕಿಯಲ್ಲಿ ಹಿಡಿದಿಟ್ಟು ಅದನ್ನೇ ಉಣಿಸುತ್ತೇನೆ. ಜೊತೆಗೆ ಕರಿಜಾಲಿ ತೊಗಟೆಯ ಕಷಾಯ. ಅದರ ಒಗರು ಕಿಟ್ಟವನ್ನು ಗಟ್ಟಿಯಾಗಲು ಬಿಡುವುದಿಲ್ಲ, ಕೆಸರಾಗಿ ಕೆಳಗೆ ಕೂರಿಸುತ್ತದೆ, ಬಾಯ್ಲರ್ ತಳದ ಬ್ಲೋಡೌನ್ ವಾಲ್ವ್ ತೆರೆದರೆ ಹೊರಗೆ. ಕಾಕಾ ಅದರೊಂದಿಗೆ ಇನ್ನೊಂದು ವಸ್ತುವನ್ನೂ ಬೆರೆಸಲು ಹೇಳಿದ್ದಾರೆ. ಅದು ಅವರು ನನಗೆ ಕೊಟ್ಟದ್ದು, ಇಲ್ಲಿ ಬರೆಯುವುದಿಲ್ಲ.

ಇನ್ನು ಆಂಕರ್. ಎಲ್ಲರ ಅನುಮಾನವೂ ಇದರ ಮೇಲೆಯೇ ಇತ್ತು, ನನ್ನ ಹೆಚ್ಚಿನ ಹೊತ್ತನ್ನು ತಿಂದದ್ದೂ ಇದೇ. ನಾನು ಕಟ್ಟಿದ್ದು ಎರಡು ಡ್ರಮ್‌ಗಳ ವ್ಯವಸ್ಥೆ: ಒಂದು ಡ್ರಮ್‌ನ ಹಗ್ಗ ನೇರವಾಗಿ ನೇಗಿಲಿನ ಈ ತುದಿಗೆ, ಇನ್ನೊಂದರದು ಆಂಕರ್ ರಾಟೆಯನ್ನು ಸುತ್ತಿ ನೇಗಿಲಿನ ಆ ತುದಿಗೆ. ನೇಗಿಲು ಎಂಜಿನ್ ಕಡೆಗೆ ಬರುವಾಗ ಆಂಕರಿಗೆ ಕೆಲಸವೇ ಇಲ್ಲ. ಆಂಕರ್ ಕಡೆಗೆ ಹೋಗುವಾಗ ಮಾತ್ರ ರಾಟೆಯ ಎರಡೂ ಬದಿಯ ಹಗ್ಗ ಎಳೆಯುವುದರಿಂದ ಅದರ ಮೇಲೆ ಎರಡರಷ್ಟು ಭಾರ. ಹಗ್ಗದ ನಡುವೆ ತೂಗುತಕ್ಕಡಿ ಕಟ್ಟಿ ನೋಡಿದ್ದೇನೆ: ಹದದ ನೆಲದಲ್ಲಿ ನೂರೈವತ್ತರಿಂದ ನೂರೆಂಬತ್ತು ಕೆಜಿ. ಅಂದರೆ ಆಂಕರ್ ತಡೆಯಬೇಕಾದದ್ದು ಮುನ್ನೂರೈವತ್ತರ ಹತ್ತಿರ.

ಮೊದಲು ಆಂಕರ್ ಪೆಟ್ಟಿಗೆಗೆ ಕಲ್ಲು ತುಂಬಿದೆ. ಜಾರಿತು. ಇನ್ನಷ್ಟು ಕಲ್ಲು ಹೇರಿದೆ. ಮತ್ತೆ ಜಾರಿತು, ಅಚ್ಚೂ ಬಾಗಿತು. ಮಾರ್ಚ್ ಬಿಸಿಲಿಗೆ ಒಣಗಿದ ಎರೆ ಕಲ್ಲಿಗೆ ಸಮ. ಡಿಸ್ಕ್ ಒಳಗೆ ಇಳಿಯದೆ ಮೇಲೆಯೇ ಗೀಚಿಕೊಂಡು ಬರುತ್ತದೆ. ಬಿರುಕಿನಲ್ಲಿ ಒಂದು ಡಿಸ್ಕ್ ಸಿಕ್ಕಿದರೆ ಗಾಡಿಯೇ ತಿರುಗಿ ನಿಲ್ಲುತ್ತದೆ. ಮಳೆ ಬಿದ್ದ ಮೇಲೆ ಪ್ರಯತ್ನಿಸಿದರೆ ಡಿಸ್ಕ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತದೆ, ಹಾಗೆಯೇ ಹಿಂದೆಯೂ ಬರುತ್ತದೆ. ಎರಡು ಹಂಗಾಮು ಇದರಲ್ಲೇ ಕಳೆದವು. ಪುಣೆಯ ಗೆಳೆಯರೊಬ್ಬರು ಇದೇ ಹೊತ್ತಿಗೆ ಫೋನ್ ಮಾಡಿ, ಎರಡನೆಯ ಎಂಜಿನ್ ಕಟ್ಟು, ಇಲ್ಲವೇ ಬಿಟ್ಟುಬಿಡು ಎಂದರು. ನಾನು ಎರಡನ್ನೂ ಮಾಡಲಿಲ್ಲ.

ದಾರಿ ಸಿಕ್ಕಿದ್ದು ನೆಲದಲ್ಲಿ. ಉಳುವ ಹೊಲ ಹೇಗಾದರೂ ಇರಲಿ, ಆಂಕರ್ ನಿಲ್ಲುವ ಬದುವಿನ ಪಕ್ಕದ ಐದಡಿ ಪಟ್ಟಿಯನ್ನು ಬೇರೆಯಾಗಿಯೇ ಹದಗೊಳಿಸಬೇಕು. ಆ ಪಟ್ಟಿಗೆ ಮೊದಲೇ ನೀರು ಬಿಟ್ಟು, ಆರಲು ಬಿಟ್ಟು, ಮೇಲ್ಪದರ ಪುಡಿಯಾಗಿ ಕೆಳಗೆ ಒಂದು ಗೇಣಿನಷ್ಟರಲ್ಲಿ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವ ಹೊತ್ತಿಗೆ ಆಂಕರನ್ನು ಇಳಿಸಬೇಕು. ಆಗ ಡಿಸ್ಕ್ ಆ ಪದರದವರೆಗೆ ಇಳಿಯುತ್ತದೆ, ಇಳಿದ ಮೇಲೆ ಅಲುಗುವುದಿಲ್ಲ. ಕಲ್ಲೂ ಮೊದಲಿನ ಅರ್ಧದಷ್ಟು ಸಾಕು. ಡಿಸ್ಕ್‌ಗಳು ಟ್ರ್ಯಾಕ್ಟರ್ ಹ್ಯಾರೋದವು, ಗುಜರಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತವೆ. ಬಟ್ಟಲಿನಂತಿರುವುದನ್ನು ಕಾಯಿಸಿ ಚಪ್ಪಟೆ ಮಾಡಿಕೊಳ್ಳಬೇಕು. ಅವುಗಳ ಅಂಚನ್ನು ಯಾವ ಕೋನಕ್ಕೆ ಹರಿತ ಮಾಡಿದೆ, ನೀರನ್ನು ಎಷ್ಟು ದಿನ ಮೊದಲು ಬಿಡುತ್ತೇನೆ ಎಂಬ ಎರಡು ಸಂಗತಿ ನನ್ನಲ್ಲೇ ಇರಲಿ. ನಿಮ್ಮ ಹೊಲದ ಎರೆ ನನ್ನ ಹೊಲದ ಎರೆಯಂತೆ ಇರುವುದೂ ಇಲ್ಲ.

ಎಂಜಿನ್ ಕೂಡ ಪಕ್ಕಕ್ಕೆ ಜಾರುತ್ತಿತ್ತು. ಮೂಲ ಫೌಲರ್ ಎಂಜಿನ್‌ಗೆ ಹತ್ತಾರು ಟನ್ ತೂಕದ ಬಲವಿದೆ, ನನ್ನದಕ್ಕೆ ಎಲ್ಲಿಂದ ಬರಬೇಕು? ಹೊಲದ ಕಡೆಯ ಚಕ್ರಗಳ ಕೆಳಗೆ ಅದೇ ಡಿಸ್ಕ್‌ನ ಅರ್ಧ ತುಂಡುಗಳನ್ನು ನೆಲಕ್ಕೆ ಹೊಡೆದು ತಡೆ ಕೊಟ್ಟ ಮೇಲೆ ನಿಂತಿತು.

ಹಗ್ಗ ಆರು ಮಿಲಿಮೀಟರಿನದು, ಡ್ರಮ್ ಒಂದಡಿ ವ್ಯಾಸದ್ದು, ಗೇರ್ ಇಳಿಕೆ 24ಕ್ಕೆ 1ರ ಸುಮಾರು, ಅಂದರೆ ಎಂಜಿನ್ 24 ಸುತ್ತು ತಿರುಗಿದರೆ ಡ್ರಮ್ ಒಂದು ಸುತ್ತು. ನಿಮಿಷಕ್ಕೆ ಹತ್ತು ಮೀಟರ್ ಹಗ್ಗ ಸುತ್ತುತ್ತದೆ. ಬೆವೆಲ್ ಗೇರ್‌ಗಳು ಹಳೆಯ ಪವರ್ ಟಿಲ್ಲರಿನವು. ಹಗ್ಗವನ್ನು ಸಾಲುಸಾಲಾಗಿ ಸುತ್ತಿಸುವ ಕೈಯನ್ನು ಬಿಟ್ಟು ಕೆಲಸ ಸಾಗಿಸಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ಹಗ್ಗ ಸುತ್ತಿನ ಮೇಲೆ ಸುತ್ತು ಬಿದ್ದು ನಡುವೆ ಕಚ್ಚಿಕೊಂಡು ಹಾಳಾಯಿತು, ನಾಲ್ಕೈದು ಸಾವಿರ ಮಣ್ಣುಪಾಲು.

ನೇಗಿಲಿನ ಕಥೆಯೇ ಬೇರೆ. ತೂಗುನೇಗಿಲು ಎರಡು ತುದಿಯದು. ಒಂದು ತುದಿ ಉಳುವಾಗ ಇನ್ನೊಂದು ಗಾಳಿಯಲ್ಲಿ. ಹೋಗುವಾಗಲೂ ಬರುವಾಗಲೂ ಮಣ್ಣು ಒಂದೇ ಕಡೆಗೆ ಮಗುಚಬೇಕಾದರೆ ಒಂದು ತುದಿಗೆ ಬಲಮಗ್ಗುಲಿನ, ಇನ್ನೊಂದಕ್ಕೆ ಎಡಮಗ್ಗುಲಿನ ರೆಕ್ಕೆ ಬೇಕು. ಬಲದ್ದು ಯಾವ ಅಂಗಡಿಯಲ್ಲೂ ಸಿಗುತ್ತದೆ. ಎಡದ್ದು ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಬಲದ ರೆಕ್ಕೆಯ ಪ್ರತಿಬಿಂಬದ ಅಚ್ಚನ್ನು ಸಿಮೆಂಟಿನಲ್ಲಿ ಎರೆದು, ಕೆಂಪಗೆ ಕಾಯಿಸಿದ ತಗಡನ್ನು ಅದರ ಮೇಲೆ ಬಡಿದು ತಯಾರಿಸಿದೆ. ಮೂರು ಅಚ್ಚುಗಳು ಸೀಳಿದವು, ನಾಲ್ಕನೆಯದಕ್ಕೆ ಒಳಗೆ ಕಬ್ಬಿಣದ ಬಲೆ ಕೊಟ್ಟ ಮೇಲೆ ತಡೆಯಿತು.

ನಮ್ಮ ಸೀಮೆಗೆ ನೇಗಿಲಿನ ಬಗೆಗಿನ ಅನುಮಾನ ಹೊಸದಲ್ಲ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ನೆಲಕ್ಕೆ ವಿಷವಾಗುತ್ತದೆಂದು ರೈತರು ಮುಟ್ಟಲಿಲ್ಲ. 1910ರಲ್ಲಿ ಕುಂಡಲ ರಸ್ತೆ ನಿಲ್ದಾಣದ ಬಳಿ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಎದ್ದ ಮೇಲೆ ಅದೇ ನೇಗಿಲು ಮನೆಮನೆಗೆ ಹೋಯಿತು. ನಮ್ಮ ಅಜ್ಜನ ಕಾಲದ ಅಂಥ ನೇಗಿಲಿನ ಕುಳವೇ ಇಂದು ನನ್ನ ತೂಗುನೇಗಿಲಿನ ಒಂದು ತುದಿಯಲ್ಲಿದೆ. ಅದನ್ನು ಹಾಕಿದ್ದಕ್ಕೆ ನನಗೆ ಹೆಮ್ಮೆಯಿದೆ.

ನೇಗಿಲು ಮೊದಮೊದಲು ಕುಣಿಯುತ್ತಿತ್ತು. ಉಳುವ ತುದಿ ಹತ್ತು ಹೆಜ್ಜೆಗೊಮ್ಮೆ ನೆಲ ಬಿಟ್ಟು ಮೇಲೇಳುತ್ತಿತ್ತು. ಅದಕ್ಕೆ ಉಪಾಯ ಹಳೆಯದೇ: ಹಗ್ಗ ಎಳೆದಾಗ ಚೌಕಟ್ಟು ಅಚ್ಚಿನ ಮೇಲೆ ಅಷ್ಟು ಸರಿದು, ಉಳುವ ತುದಿಯ ಕಡೆ ಭಾರ ಹೆಚ್ಚುವಂತೆ ಮಾಡುವುದು. ನಾನು ಕೊಟ್ಟ ಸರಿತ ಒಂಬತ್ತು ಇಂಚು. ಕುಣಿತ ನಿಂತಿತು.

ಉರುವಲಿಗೆ ಬಳ್ಳಾರಿ ಜಾಲಿ, ತೊಗರಿ ಕಟ್ಟಿಗೆ, ಕಬ್ಬಿನ ಸಿಪ್ಪೆ ಎಲ್ಲವನ್ನೂ ಹಾಕಿ ನೋಡಿದೆ. ಸಿಪ್ಪೆ ಭಗ್ಗೆಂದು ಉರಿದು ಟ್ಯೂಬ್‌ಗಳಲ್ಲಿ ಬೂದಿ ತುಂಬುತ್ತದೆ. ತೊಗರಿ ಕಟ್ಟಿಗೆ ಉಗಿ ಎಬ್ಬಿಸಲು ಒಳ್ಳೆಯದು. ಎಳೆತದ ಹೊತ್ತಿಗೆ ಒಣಗಿದ ಜಾಲಿಯೇ ಬೇಕು, ಮುಂಗೈಯಷ್ಟು ದಪ್ಪದ ಸೀಳು. ಗಂಟೆಗೆ ಹತ್ತು ಕೆಜಿ ಕಟ್ಟಿಗೆ, ಮೂವತ್ತು ಲೀಟರ್ ನೀರು. ಒಂದು ಗುಂಟೆ ಉಳಲು ಎರಡು ಗಂಟೆ ಹಿಡಿಯುತ್ತದೆ. ಟ್ರ್ಯಾಕ್ಟರಿನೊಂದಿಗೆ ಹೋಲಿಸುವವರಿಗೆ ನನ್ನ ಬಳಿ ಸಮಯವಿಲ್ಲ. ಆದರೆ ಇದನ್ನು ಗಮನಿಸಿ: ಉತ್ತ ನೆಲದ ಮೇಲೆ ಎಂಜಿನ್ ಚಕ್ರದ ಭಾರ ಬೀಳುವುದಿಲ್ಲ, ಎಂಜಿನ್ ಬದುವಿನಲ್ಲೇ ನಿಂತಿರುತ್ತದೆ. ಸಾಲಿನ ತಳ ಮೆತ್ತಗೇ ಉಳಿಯುತ್ತದೆ. ಕರಿಕೆಯ ಬೇರು ಬೆರಳು ಹಾಕಿ ಎಳೆದರೆ ಉದ್ದಕ್ಕೆ ಬರುತ್ತಿತ್ತು.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಫೌಲರ್ ಈ ದಾರಿಗೆ ಬಂದದ್ದೇ 1849ರಲ್ಲಿ ಐರ್ಲೆಂಡಿನಲ್ಲಿ ಬರಗಾಲ ಕಂಡು, ಜೌಗು ನೆಲದ ನೀರು ಬಸಿಯಲು ಯಂತ್ರ ಮಾಡಬೇಕೆಂದು. ಅವರ ಮೊದಲ ಕೆಲಸ ಮೋಲ್ ನೇಗಿಲಿನದು: ಬ್ಲೇಡಿನ ತಳದಲ್ಲಿ ಗುಂಡಿನಾಕಾರದ ಕಬ್ಬಿಣ, ಅದು ನೆಲದೊಳಗೆ ಸುರಂಗ ಕೊರೆಯುತ್ತಾ ಹೋಗುತ್ತದೆ. ಜೇಡಿ ಹೆಚ್ಚಿರುವ ನೆಲದಲ್ಲಿ ಮಾತ್ರ ಆ ಸುರಂಗ ಉಳಿಯುತ್ತದೆ. ನಮ್ಮ ಎರೆಯಲ್ಲಿರುವುದು ಜೇಡಿಯೇ. ಸೋದರಮಾವನ ಕಬ್ಬಿನ ಹೊಲದಲ್ಲಿ ಒಂದು ಮೂಲೆ ಸವಳು ಹಿಡಿದಿದೆ. ಎರಡು ಇಂಚಿನ ಗುಂಡು, ಒಂದಡಿ ಆಳ. ಎಳೆತ ಸಾಲದೆ ನೇಗಿಲಿಗೆ ರಾಟೆ ಕಟ್ಟಿ ಹಗ್ಗವನ್ನು ಇಮ್ಮಡಿಸಿದೆ, ವೇಗ ಅರ್ಧಕ್ಕೆ ಇಳಿಯಿತು. “ಅಳಿಯಾ, ಇದ್ದ ಹೊಲವನ್ನೂ ಕೆಡಿಸಬೇಡ” ಎಂದಿದ್ದರು ಮಾವ. ಮುಂದಿನ ಸಲ ನೀರು ಹಾಯಿಸಿದಾಗ ಹಳ್ಳದ ಕಡೆಯ ಬಾಯಿಂದ ನೀರು ಒಸರಿತು. ಸವಳು ಇಳಿಯುತ್ತದೆಯೇ ಎಂದು ನೋಡಲು ಇನ್ನೂ ಒಂದೆರಡು ಮಳೆಗಾಲ ಬೇಕು, ಆದರೆ ಸುರಂಗ ಕುಸಿದಿಲ್ಲ.

ಈಗ ಆಂಕರನ್ನು ಪ್ರತಿ ಸಾಲಿಗೂ ಹಾರೆ ಹಾಕಿ ಇಬ್ಬರು ಸೇರಿ ಸರಿಸುತ್ತಿದ್ದೇವೆ. ಫೌಲರ್ ಆಂಕರಿನಲ್ಲಿ ರಾಟೆಯ ತಿರುಗುವಿಕೆಯಿಂದಲೇ ಗಾಡಿ ತಾನಾಗಿ ಮುಂದೆ ಸರಿಯುವ ಗೇರ್ ಇತ್ತು. ಅದನ್ನು ಕಟ್ಟುತ್ತಿದ್ದೇನೆ, ದಸರೆಯ ಹೊತ್ತಿಗೆ ಹೊಲಕ್ಕಿಳಿಸುವ ಯೋಚನೆ. ಎಡಮಗ್ಗುಲಿನ ರೆಕ್ಕೆಯ ಅಚ್ಚು ವರ್ಕ್‌ಶಾಪಿನಲ್ಲಿ ಗಟ್ಟಿಯಾಗಿದೆ. ತೂಗುನೇಗಿಲು ಕಟ್ಟುವವರು ತಗಡನ್ನೂ ಇದ್ದಿಲನ್ನೂ ತಂದರೆ ಬಡಿದು ಕೊಡುತ್ತೇನೆ, ಕೂಲಿ ಬೇಡ.